ಹಿಂದಿನ ಗಾಲಿಗೆ ಸರಪಳಿ, ಮುಂದಿನ ಸೀಟಿನಲ್ಲಿ ಹಿಮಪಂಡಿತ

ತಡೀರಿ, ತಡೀರಿ, ಪುಟ ಮಗುಚಬೇಡಿ. ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬನ್ನಿ, ನಾನು ಕಾಯುತ್ತೇನೆ. ಇದನ್ನು ಅರ್ಧಂಬರ್ಧ ಕೇಳಿದರೆ ನನಗೂ ನಷ್ಟ, ನಿಮಗೂ ನಷ್ಟ. ಬಂದಿರಾ? ಸರಿ, ಮೊದಲು ಒಂದು ತಪ್ಪೊಪ್ಪಿಗೆ. ನಾನು ಹಿಮದ ವಿಷಯದಲ್ಲಿ ಪಂಡಿತ. ಈ ಪಾಂಡಿತ್ಯವನ್ನು ನನಗೆ ಯಾರೂ ಕಲಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಹುಟ್ಟಿದ್ದು ಕೋಲಾರ, ಅಲ್ಲಿ ನಮ್ಮ ಮನೆಯಲ್ಲಿ ತಣ್ಣಗಿದ್ದದ್ದು ಎರಡೇ, ಒಂದು ಫ್ರಿಜ್ಜು, ಇನ್ನೊಂದು ಸಾಲ ಕೇಳಿದಾಗ ನಮ್ಮ ದೊಡ್ಡಪ್ಪನ ಮುಖ. ಓದಲು ಬಂದದ್ದು ಸ್ಯಾನ್ ಡಿಯಾಗೋ. ಇಲ್ಲಿ ಚಳಿಗಾಲ ಎಂದರೆ ಅರ್ಧ ತೋಳಿನ ಅಂಗಿ ಹೋಗಿ ಪೂರ್ತಿ ತೋಳಿನ ಅಂಗಿ ಬರುವುದು. ಅದೂ ಮಧ್ಯಾಹ್ನದ ಹೊತ್ತಿಗೆ ಮಡಚಿಕೊಳ್ಳುತ್ತದೆ. ಇಂಥ ನಾನು, ಲಾಕ್‌ಡೌನಿನಲ್ಲಿ ಇಲ್ಲಿಯ ಲಾ ಹೋಯಾ ಬಡಾವಣೆಯ ಒಂದು ಕೋಣೆಯಲ್ಲಿ ಒಬ್ಬನೇ ಕೂತಿದ್ದಾಗ, ಯಾರೋ ಪುಣ್ಯಾತ್ಮ ಮನೆಯ ಮಾಡಿನಿಂದ ಹಿಮ ತಳ್ಳುವ ವಿಡಿಯೋ ನೋಡಿದೆ. ದೊಡ್ಡ ಚಪ್ಪಡಿ ದೊಪ್ಪೆಂದು ಬಿತ್ತು. ಆಹಾ! ಇನ್ನೊಂದು ನೋಡಿದೆ. ಮೂರು ವರ್ಷ ನೋಡಿದೆ.

ಏನೆಲ್ಲ ಕಲಿತೆ ಅಂತೀರಿ! ಷಿಕಾಗೋದ ಬೀದಿಗಳಲ್ಲಿ ಬೆನ್ನು ಮುರಿಯುವಂತೆ ಹಿಮ ಬಗೆದು ಕಾರಿಗೆ ಜಾಗ ಮಾಡಿಕೊಂಡವನು ಅಲ್ಲಿ ಒಂದು ಮುರುಕು ಕುರ್ಚಿ ಇಟ್ಟು ಹೋದರೆ ಆ ಜಾಗ ಅವನದೇ, ಯಾರೂ ಮುಟ್ಟುವುದಿಲ್ಲ. ಕೆಂಪು ಬಸ್ಸಿನ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿದ ನಮಗೆ ಈ ಕಾನೂನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜಪಾನಿನ ಕೆಲವು ಊರುಗಳಲ್ಲಿ ರಸ್ತೆಯ ನಡುವೆ ಪುಟ್ಟ ಪುಟ್ಟ ನಳಿಕೆ ಕೂರಿಸಿ, ನೀರು ಚಿಮ್ಮಿಸಿ ಹಿಮ ಕರಗಿಸುತ್ತಾರೆ. ವಾರಕ್ಕೊಮ್ಮೆ ಬರುವ ನಲ್ಲಿ ನೀರಿಗೆ ಬಿಂದಿಗೆ ಸಾಲಿಟ್ಟು ಬೆಳೆದ ನನಗೆ ಅದನ್ನು ನೋಡಿ ಎದೆ ಧಸಕ್ಕೆಂದಿತು. ಮಿನೆಸೋಟದಲ್ಲಿರುವ ಚಿಕ್ಕಪ್ಪನ ಮಗಳು ರಮ್ಯಾಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸುತ್ತಿದ್ದೆ. ಹಿಮದಲ್ಲೇ ಎಂಟು ವರ್ಷ ಬದುಕಿದವಳಿಗೆ! ಅವಳು ಒಮ್ಮೆ, "ಅಣ್ಣಾ, ನೀನು ಈಜು ಬರದೇ ಇರೋ ಈಜು ಮೇಷ್ಟ್ರು" ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಈ ಪಾಂಡಿತ್ಯಕ್ಕೆ ಕೆಲಸ ಬಂದದ್ದು ನೀಲವ್ವನಿಂದ. ನೀಲವ್ವ ಎಂದರೆ ನನ್ನ ರೂಮ್‌ಮೇಟ್ ಬಸುವಿನ ತಾಯಿ. ಗದಗಿನಲ್ಲಿ ಹತ್ತು ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಬಡಿಯುವ ಕೇಂದ್ರ ನಡೆಸುತ್ತಾರೆ. ಮಗನನ್ನು ನೋಡಲು ಎರಡು ತಿಂಗಳಿಗೆಂದು ಬಂದಿದ್ದರು. ಹೊರಡುವ ಮುಂಚೆ ಆ ಹತ್ತೂ ಜನರ ಮುಂದೆ, "ಅಮೇರಿಕಾ ಅಂದ್ರ ಬರ್ಫ. ಕೈಯಾಗ ಹಿಡಕೊಂಡು ಫೋಟೋ ಕಳಸ್ತೀನಿ" ಎಂದು ಮಾತು ಕೊಟ್ಟಿದ್ದರಂತೆ. ಇಲ್ಲಿ ನೋಡಿದರೆ ಸಮುದ್ರ, ಮರಳು, ತೆಂಗಿನ ಮರದಂಥ ಮರ, ಸುಡುವ ಬಿಸಿಲು. ಕಳಿಸಿದ ಫೋಟೋಗಳೆಲ್ಲ ಅವೇ. ಎರಡನೆಯ ತಿಂಗಳ ಹೊತ್ತಿಗೆ ಆ ಗುಂಪಿನ ಕಸ್ತೂರಿ ಎಂಬಾಕೆ ವಾಟ್ಸಾಪಿನಲ್ಲಿ ಧ್ವನಿ ಕಳಿಸಿ ತೀರ್ಪು ಕೊಟ್ಟುಬಿಟ್ಟಳು: "ನೀಲವ್ವ ಅಮೇರಿಕಾಕ್ಕ ಹೋಗೇ ಇಲ್ಲ. ಕಾರವಾರದಾಗ ಕುಂತಾಳ."

ನೀಲವ್ವ ಅದನ್ನು ಮೂರು ಸಲ ಕೇಳಿಸಿಕೊಂಡರು. ನಗುತ್ತಲೇ ಕೇಳಿಸಿಕೊಂಡರು, ಆದರೆ ಅವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. "ಹದಿನೆಂಟು ವರ್ಷ ಅವರ ಮುಂದ ಒಂದ್ ಮಾತು ಸುಳ್ಳಾಡಿಲ್ಲ ತಮ್ಮಾ" ಎಂದರು ನನಗೆ. ಮಂಗಳವಾರಕ್ಕೆ ಅವರ ಫ್ಲೈಟು. ಇದ್ದದ್ದು ಒಂದೇ ಭಾನುವಾರ. ದೇವರು ದೊಡ್ಡವನು, ಅದೇ ವಾರ ಲಾಸ್ ಏಂಜಲೀಸಿನ ಆಚೆಯ ಬೆಟ್ಟಗಳ ಮೇಲೆ ಯಾರೂ ಕಂಡರಿಯದಷ್ಟು ಹಿಮ ಸುರಿಯಿತು. ಸ್ಯಾಂಟಾ ಕ್ಲಾರಿಟಾದ ಗೆಳೆಯನೊಬ್ಬ ತನ್ನ ಮನೆಯೆದುರಿನ ಗುಡ್ಡ ಮೊಸರು ಬಳಿದಂತಾಗಿದೆ ಎಂದು ಫೋಟೋ ಕಳಿಸಿದ. ರಮ್ಯಾಗೂ ಫೋನ್ ಮಾಡಿದೆ. "ಇಷ್ಟು ಹಿಮ ಬಿದ್ದರೆ ನಮ್ಮೂರಲ್ಲಿ ಅದನ್ನ ಬರೀ ಭಾನುವಾರ ಅಂತಾರೆ" ಎಂದಳು. ಅವಳ ಮಾತು ಬಿಡಿ. ಬಸು ನನ್ನ ಕಡೆ ತಿರುಗಿ, "ದೋಸ್ತ, ಮೂರು ವರ್ಷ ಕೂತು ನೋಡಿದ್ದು ಎಲ್ಲಾ ಇವತ್ತಿಗೇ ಇತ್ತು ಅಂದ್ಕೋ. ನಮ್ಮವ್ವಂಗ ಬರ್ಫ ಮುಟ್ಟಸು" ಎಂದ. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ನೋಡಿಕೊಳ್ಳಬೇಕಾಯಿತು.

ಹಿಮದಲ್ಲಿ ಜಾರದಂತೆ ಬೆಟ್ಟ ಹತ್ತುವ ಕಾರಿನ ಗಾಲಿಗೆ ಸರಪಳಿ ಕಟ್ಟಬೇಕು, ಅದು ಇಲ್ಲಿಯ ನಿಯಮ. ಅಂಗಡಿಯಿಂದ ಒಂದು ಜೊತೆ ತಂದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಬಿಸಿಲಲ್ಲಿ ಕೂತು ಬಸುವಿನ ಕಾರಿಗೆ ಕಟ್ಟಿ ಬಿಚ್ಚಿ ಕಟ್ಟಿ ಅಭ್ಯಾಸ ಮಾಡಿದೆ. ಸಮುದ್ರಕ್ಕೆ ಹೊರಟಿದ್ದ ಪಕ್ಕದ ಮನೆಯವನು ಚಡ್ಡಿಯಲ್ಲಿ, ಅಲೆಯ ಮೇಲೆ ಜಾರುವ ಹಲಗೆ ಬಗಲಲ್ಲಿ ಇಟ್ಟುಕೊಂಡು ನಿಂತು ನೋಡಿದ. ಪಾಪ, ನನ್ನ ಕೈಗಳಲ್ಲಿ ಮೈನಸ್ ನಲವತ್ತು ಡಿಗ್ರಿ ತಡೆಯುವ ಗ್ಲೌಸ್ ಕಂಡು ಬೇಗ ಬೇಗ ಹೊರಟುಹೋದ. ಇಪ್ಪತ್ತು ನಿಮಿಷದ ಕೆಲಸವನ್ನು ಏಳು ನಿಮಿಷಕ್ಕಿಳಿಸಿದೆ.

ಭಾನುವಾರ ಹಿಮದ ಗಡಿಗೆ ಮುಟ್ಟಿದಾಗ ಹತ್ತು ಗಂಟೆ. ಅಲ್ಲಿ ರಸ್ತೆಯ ಪಕ್ಕ ಒಂದು ಅಗಲವಾದ ಜಾಗ. ಹತ್ತುವವರು ಸರಪಳಿ ಕಟ್ಟುವುದಕ್ಕೆ, ಇಳಿಯುವವರು ಬಿಚ್ಚುವುದಕ್ಕೆ ಅಲ್ಲೇ ನಿಲ್ಲಬೇಕು. ಇಡೀ ಲಾಸ್ ಏಂಜಲೀಸು ಅಲ್ಲಿ ಗಾಲಿಗಳ ಮುಂದೆ ಮಂಡಿಯೂರಿತ್ತು. ಥೇಟ್ ಆಯುಧಪೂಜೆ, ನಿಂಬೆಹಣ್ಣು, ಕುಂಬಳಕಾಯಿ ಮಾತ್ರ ಇರಲಿಲ್ಲ. ಒಂದು ಕೊರಿಯನ್ ಕುಟುಂಬದ ಅಜ್ಜ ಕಾರಿನೊಳಗೇ ಕೂತು ಕೋಲಿನಿಂದ ಗಾಜು ಬಡಿದು ಬಡಿದು ಮೊಮ್ಮಕ್ಕಳಿಗೆ ನಿರ್ದೇಶನ ಕೊಡುತ್ತಿದ್ದರು. ಇನ್ನೊಂದು ಬಳಗ ಸರಪಳಿಯ ಗೊಡವೆಯೇ ಬೇಡವೆಂದು ಅಲ್ಲೇ ಇದ್ದಿಲ ಒಲೆ ಹಚ್ಚಿ ಮಾಂಸ ಸುಡುತ್ತಿತ್ತು. ನಾನು ಎಲ್ಲರ ನಡುವೆ ಇಳಿದು ಏಳೇ ನಿಮಿಷದಲ್ಲಿ ಕಟ್ಟಿ ಎದ್ದೆ. ಪಕ್ಕದವರು ಚಪ್ಪಾಳೆ ತಟ್ಟಿದರು. ನಾನು ಕೈಯೆತ್ತಿ ಸ್ವೀಕರಿಸಿದೆ.

ಕಾರು ಐವತ್ತು ಗಜ ಹೋಯಿತು. ಏರು ಬಂತು. ಗರ್ರ್ರ್ ಎಂದಿತು. ಬಳಿಕ, ಯಾವ ಅವಸರವೂ ಇಲ್ಲದೆ, ಮದುವೆ ಮನೆಯಲ್ಲಿ ಊಟ ಮುಗಿಸಿದ ದೊಡ್ಡ ಮನುಷ್ಯರು ಹಿಂದಕ್ಕೊರಗುವಂತೆ, ಹಿಂದಕ್ಕೆ ಜಾರಿ ರಸ್ತೆ ಬದಿಯ ಕೆಸರು ಹಿಮದಲ್ಲಿ ಕೂತಿತು.

"ಇದು ಹಿಮದ ಗುಣ" ಎಂದೆ ನಾನು. "ಒದ್ದೆ ಹಿಮ, ಒಣ ಹಿಮ ಅಂತ ಎರಡು ಜಾತಿ ಇರುತ್ತೆ. ಇನ್ನೂ ಸ್ವಲ್ಪ ಆಕ್ಸಿಲರೇಟರ್ ಕೊಡು." ಬಸು ಕೊಟ್ಟ. ಕಾರು ಇನ್ನೂ ಆಳಕ್ಕೆ ಕೂತಿತು.

ಹಿಂದಿನ ಸೀಟಿನಿಂದ ನೀಲವ್ವ ಇಳಿದರು. ಸೀರೆ, ಮೇಲೆ ಬಸುವಿನ ಜಾಕೆಟ್ಟು, ಕಾಲಿಗೆ ಅವನದೇ ಬೂಟು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬಸ್ಯಾ, ಈ ಗಾಡಿ ಜಗ್ಗೂದು ಯಾವ ಗಾಲಿ?" ಎಂದರು.

"ಮುಂದಿಂದು, ಅವ್ವಾ."

"ಮತ್ತ ಈ ಶಾಣ್ಯಾ ಸರಪಳಿ ಹಿಂದ ಕಟ್ಟ್ಯಾನಲ್ಲೋ! ಎತ್ತಿಗೆ ಹಾಕೋ ಮೇವು ಬಂಡಿಗೆ ಹಾಕಿದಂಗಾತು."

ನಾನು ನೋಡಿ ಕಲಿತ ವಿಡಿಯೋದಲ್ಲಿದ್ದದ್ದು ಹಿಂದಿನ ಗಾಲಿ ಎಳೆಯುವ ಟ್ರಕ್ಕು. ಬಸುವಿನದು ಮುಂದಿನ ಗಾಲಿ ಎಳೆಯುವ ಕಾರು. ಮೂರು ವರ್ಷದಲ್ಲಿ ಒಮ್ಮೆಯೂ ನಾನು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ನೀಲವ್ವ ಕೇಳಿದ್ದು ಏಕೆಂದರೆ ಗದಗಿನ ಕಪ್ಪು ಎರೆಮಣ್ಣಿನ ಹೊಲದಲ್ಲಿ ಮಳೆ ಬಿದ್ದ ಮೇಲೆ ಟ್ರ್ಯಾಕ್ಟರ್ ಸಿಕ್ಕಿಕೊಳ್ಳುವುದನ್ನು ಅವರು ಹುಟ್ಟಿದಾಗಿನಿಂದ ನೋಡಿದವರು. "ಬಣ್ಣ ಬ್ಯಾರೆ, ಬುದ್ಧಿ ಒಂದ. ಇದು ಬಿಳೀ ಎರಿಮಣ್ಣು" ಎಂದವರೇ ಸೆರಗು ಸಿಕ್ಕಿಸಿದರು. ಅಲ್ಲಿ ಗಾಲಿಯಡಿಗೆ ಜೋಳದ ದಂಟು ತುರುಕುತ್ತಾರಂತೆ. ಇಲ್ಲಿ ಕಾರಿನ ಮ್ಯಾಟುಗಳನ್ನು ತುರುಕಿಸಿದರು. ಹಿಮ ಬಗೆಯಲು ರೊಟ್ಟಿ ಡಬ್ಬಿಯ ಮುಚ್ಚಳ ಕೊಟ್ಟರು. "ಆಕ್ಸಿಲೇಟರ್ ಒತ್ತಬ್ಯಾಡ, ಸಾವಕಾಶ, ಕೂಸಿನ್ನ ಎಬ್ಬಿಸಿದಂಗ." ನಾನು ಮಂಡಿಯೂರಿ ಸರಪಳಿಯನ್ನು ಹಿಂದಿನಿಂದ ಮುಂದಕ್ಕೆ ವರ್ಗಾಯಿಸಿದೆ. ಈ ಸಲ ನಲವತ್ತು ನಿಮಿಷ ಬೇಕಾಯಿತು, ಚಪ್ಪಾಳೆಯವರು ನೋಡುತ್ತಿದ್ದರಲ್ಲ.

ಕಾರು ಮೇಲೆದ್ದಿತು. ಆದರೆ ಅಷ್ಟರಲ್ಲಿ ಮೇಲಿನಿಂದ ಪೊಲೀಸ್ ಬಂದು, ಬೆಟ್ಟದ ಮೇಲೆ ಜಾಗವಿಲ್ಲ, ಎಲ್ಲರೂ ವಾಪಸು ತಿರುಗಿ ಎಂದುಬಿಟ್ಟ. ಸರಪಳಿ ಬಿಚ್ಚಲು ಅದೇ ಅಗಲ ಜಾಗಕ್ಕೆ ಇಳಿದೆವು. ಬಸು ರಸ್ತೆ ಬದಿ ತೋರಿಸಿ, "ಅವ್ವಾ, ಇಲ್ಲೇ ಮುಟ್ಟಿಬಿಡು" ಎಂದ. ನೀಲವ್ವ ಬಗ್ಗಿ ನೋಡಿದರು. ಸಾವಿರ ಗಾಲಿ ಉರುಳಿದ ಹಿಮ, ಕಪ್ಪು ಕಂದು ರಾಡಿಯಾಗಿತ್ತು. "ಇದರ ಫೋಟೋ ಕಳಿಸಿದ್ರ ನಮ್ಮೂರ ಗಟಾರ ಅಂತಾಳ ಕಸ್ತೂರಿ" ಎಂದು ಕಾರಿನ ಬಾಗಿಲಿಗೆ ಕೈ ಹಾಕಿದರು. ಆ ನಲವತ್ತು ನಿಮಿಷ ತಿಂದವನು ನಾನೇ ತಾನೆ?

ಪಕ್ಕದಲ್ಲಿ ಒಂದು ಪಿಕಪ್ ಟ್ರಕ್ಕು, ಇಳಿದು ಬಂದು ಸರಪಳಿ ಬಿಚ್ಚಿಸಿಕೊಳ್ಳುತ್ತಿತ್ತು. ಲಾಂಗ್ ಬೀಚಿನ ಒಂದು ಮೆಕ್ಸಿಕನ್ ಕುಟುಂಬ. ಅವರು ಮಾಡಿದ್ದೇನು ಗೊತ್ತೇ? ಟ್ರಕ್ಕಿನ ಹಿಂಭಾಗದ ತುಂಬ, ಅಂಚಿನವರೆಗೆ, ಬೆಟ್ಟದ ಮೇಲಿನ ಶುಭ್ರವಾದ ಹಿಮ ತುಂಬಿಕೊಂಡು ಬಂದಿದ್ದರು. ಬರಲಾಗದ ತಮ್ಮ ಬೀದಿಯ ಮಕ್ಕಳಿಗೆ ಮನೆ ಮುಂದೆ ಸುರಿಯುತ್ತಾರಂತೆ! ನಾನು ನೋಡಿದ ಯಾವ ವಿಡಿಯೋದಲ್ಲೂ, ಯಾವ ದೇಶದವರೂ ಹಿಮವನ್ನು ಮನೆಗೆ ಹೊತ್ತುಕೊಂಡು ಹೋಗಿರಲಿಲ್ಲ. ಆ ಮನೆಯ ಅಜ್ಜಿ ನೀಲವ್ವನ ಮುಖ ನೋಡಿದರು, ರಾಡಿ ನೋಡಿದರು, ಟ್ರಕ್ಕಿನ ಹಿಂಬಾಗಿಲು ಇಳಿಸಿ ಕೈ ಚಾಚಿದರು. ನೀಲವ್ವ ಏರಿ ಆ ಹಿಮದ ರಾಶಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬರಿಗೈಯಲ್ಲೇ ಬೊಗಸೆ ತುಂಬಿಕೊಂಡು ಕೂಗಿದರು: "ಏ ಕಸ್ತೂರಿ! ನೋಡಲೇ, ಕಾರವಾರ!" ಬಸು ವಿಡಿಯೋ ತೆಗೆದು ಗದಗಿಗೆ ಕಳಿಸಿದ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಆ ಟ್ರಕ್ಕಿಗೆ ಹೋಯಿತು. ಅವರು ಮುರಿದು ತಿಂದು, ಇದು ನಮ್ಮ ಮೆಕ್ಕೆಜೋಳದ ಗರಿಗರಿ ರೊಟ್ಟಿ ತೊಸ್ತಾದವೇ, ಅಲ್ಲವೇ ಎಂದು ತಮ್ಮ ತಮ್ಮಲ್ಲೇ ವಾದಕ್ಕೆ ಬಿದ್ದರು.

ಸಾಲುಗಟ್ಟಿದ ಕಾರುಗಳ ನಡುವೆ ತೆವಳಿ ಇಳಿಯುವ ದಾರಿಯಲ್ಲೇ ಸಂಜೆಯಾಯಿತು, ಅಲ್ಲಿ ಗದಗಿನಲ್ಲಿ ಬೆಳಗಾಯಿತು. ಉತ್ತರ ಬಂತು. ಕಸ್ತೂರಿಯ ಧ್ವನಿ: "ಹತ್ತಿ ಲಾರಿ ಮ್ಯಾಲೆ ಕುಂತೀಯಲ್ಲ ನೀಲವ್ವ! ಗದಗ ಮಾರ್ಕೆಟ್ಟಿಗೆ ಯಾವಾಗ ಬಂದಿ?" ಹಿಂದೆಯೇ ಹತ್ತು ಜನರ ನಗು. ಬಸು ಬ್ರೇಕ್ ತುಳಿದ. ನಾನು ವಿಡಿಯೋ ಮತ್ತೆ ನೋಡಿದೆ. ಅಯ್ಯೋ, ಹೌದು! ಬಿಳಿ ರಾಶಿ, ಲಾರಿ, ಮೇಲೆ ಸೀರೆ ಉಟ್ಟ ಹೆಂಗಸು. ನಾನಾದರೂ ಹತ್ತಿಯೇ ಎನ್ನುತ್ತಿದ್ದೆ.

ನೀಲವ್ವ ಫೋನನ್ನು ನನ್ನ ಬಾಯಿಗೆ ಹಿಡಿದರು. "ತಮ್ಮಾ, ನೀ ಓದಿದಾಂವ, ನಿನ್ನ ಮಾತು ನಂಬ್ತಾರ. ಬರ್ಫ ಮುಟ್ಟಿದ್ರ ಹ್ಯಾಂಗಿರ್ತೈತಿ ಹೇಳು."

ನಾನು ಗಂಟಲು ಸರಿಮಾಡಿಕೊಂಡೆ. "ಹಿಮದ ಹರಳಿಗೆ ಆರು ಮೂಲೆ ಇರುತ್ತೆ..." ಎಂದೆ.

"ಮುಟ್ಟಿದ್ರ ಹ್ಯಾಂಗಿತ್ತು ಅಂದೆ."

"ತಣ್ಣಗೆ" ಎಂದೆ. ನನಗೇ ಅದು ಯಾರೋ ಹೇಳಿಕೊಟ್ಟಂತೆ ಕೇಳಿಸಿತು.

ನೀಲವ್ವ ಫೋನು ಕಿತ್ತುಕೊಂಡರು. "ಕಸ್ತೂರಿ, ಕೇಳಿಲ್ಲೆ. ತಣ್ಣಗಿರ್ತೈತಿ ಅಂದ್ಕೊಂಡು ಹಿಡದೆ. ಸುಡ್ತೈತಿ ಅದು! ಕಾದ ಹಂಚು ಮುಟ್ಟಿದಂಗ ಚುರ್ ಅಂತು. ಆಮ್ಯಾಲೆ ಕೈ ನಂದೋ, ಮಂದೀದೋ ತಿಳೀಲಿಲ್ಲ."

ಆಮೇಲೆ ಕಸ್ತೂರಿ, ತಗ್ಗಿದ ದನಿಯಲ್ಲಿ: "ಸುಡ್ತೈತಿ ಅಂದ್ಲಂದ್ರ ಖರೇನ ಮುಟ್ಟ್ಯಾಳ, ಬಿಡ್ರೆ. ಸುಳ್ಳು ಹೇಳಾವ್ರು ತಣ್ಣಗೈತಿ ಅಂತಾರ."

ನೀಲವ್ವ ಹಿಂದಕ್ಕೊರಗಿ ನಿದ್ದೆಹೋದರು. ನಾನು ಮುಂದಿನ ಸೀಟಿನಲ್ಲಿ ನನ್ನ ಕೈಗಳನ್ನು ನೋಡಿಕೊಂಡೆ. ಮೈನಸ್ ನಲವತ್ತರ ಗ್ಲೌಸಿನೊಳಗೆ ಎರಡೂ ಬೆಚ್ಚಗೆ ಕೂತಿದ್ದವು. ಬೆಳಗ್ಗೆ ಹಾಕಿಕೊಂಡದ್ದು, ಸರಪಳಿ ಕಟ್ಟುವಾಗ, ಬಿಚ್ಚುವಾಗ, ಮುಚ್ಚಳದಲ್ಲಿ ಬಗೆಯುವಾಗ, ಒಮ್ಮೆಯೂ ತೆಗೆದಿರಲಿಲ್ಲ. ಹೊರಗೆ ಕಿತ್ತಳೆ ತೋಟ, ಹೆದ್ದಾರಿ, ಬೆಚ್ಚನೆಯ ಗಾಳಿ.

ಆದ್ದರಿಂದ ಹಿಮ ಬೀಳುವ ಊರಿನ ಓದುಗರೇ, ಮನಾಲಿಗೆ ಹೋಗಿ ಬಂದವರೇ, ಮಿನೆಸೋಟದ ತಂಗಿಯರೇ, ನೀವು ಮೊದಲ ಸಲ ಬರಿಗೈಯಲ್ಲಿ ಮುಟ್ಟಿದಾಗ ಹೇಗಿತ್ತು, ದಯವಿಟ್ಟು ಬರೆದು ತಿಳಿಸಿ. ವಿವರವಾಗಿಯೇ ಬರೆಯಿರಿ. "ತಣ್ಣಗೆ" ಎಂದು ಮಾತ್ರ ಬರೆಯಬೇಡಿ. ಅಷ್ಟು ನನಗೂ ಗೊತ್ತಿದೆ.