ಕೂಡ್ರಲಿ ತಡಿ

ನಮ್ಮಕ್ಕನ ಮನೆಯಲ್ಲಿ ಬಿಸಿ ಚಹಾ ಕುಡಿದವರಿದ್ದರೆ ಹೇಳಿ, ಅವರ ಕಾಲಿಗೆ ಬೀಳುತ್ತೇನೆ. ಒಲೆಯಿಂದ ಇಳಿಸಿದ ಚಹಾ ಮುಚ್ಚಿಟ್ಟು "ಕೂಡ್ರಲಿ ತಡಿ" ಅನ್ನುವವಳು ಅವಳು. ಕಲಸಿದ ಹಿಟ್ಟೂ ಕೂಡ್ರಬೇಕು, ತಂದ ನೀರೂ ಕೂಡ್ರಬೇಕು. ಬರದ ವರ್ಷ ಅವಳೂರು ಮೆಹಕರಕ್ಕೆ ಟ್ಯಾಂಕರ್ ಬಂದಾಗ ಊರೆಲ್ಲ ಕೊಡ ಹಿಡಿದು ಬಡಿದಾಡಿದರೆ, ಈಕೆ "ರಾಡಿ ಕೂಡ್ರಲಿ" ಅಂತ ದೂರ ನಿಂತಳು. ರಾಡಿ ಕೂಡ್ರುವಷ್ಟರಲ್ಲಿ ಟ್ಯಾಂಕರ್ ಎಲ್ಲಿತ್ತು? ಭಾಲ್ಕಿಯಲ್ಲಿ!

ಅದೇ ವರ್ಷ ಭಾವ ಪುಣೆಗೆ ಕಟ್ಟಡ ಕೆಲಸಕ್ಕೆ ಹೋದ. ಅಕ್ಕ ಒಬ್ಬಳೇ ಬೀದರಿಗೆ ಓಡಾಡಿ, ಸೂಜಿ ಚುಚ್ಚಿಸಿಕೊಂಡು ಐವಿಎಫ್ ಮಾಡಿಸಿದಳು. ತೆಗೆಸಿದ ದಿನ ಬೆಳಿಗ್ಗೆ ಸಿಕ್ಕದ್ದು ಎರಡೇ ಅಂಡ.

"ಎರಡೇ ಏನ್ರಿ ಬಾಯಾರೇ? ನನ್ನ ಮುದಿ ಕೋಳಿ ಇದಕ್ಕಿಂತ ಹೆಚ್ಚು ಇಡ್ತದ," ಅಂದಳಂತೆ ಡಾಕ್ಟರಮ್ಮನಿಗೆ. "ಗಂಡಂದು ಈಗಿಂದೀಗ ಸೇರಸಬ್ಯಾಡ್ರಿ, ಜರಾ ಕೂಡ್ರಲಿ."

"ಕೂಡ್ರಸ್ತೇವ್ರಿ. ಹಣ್ಣಾಗಲಿ ಅಂತ ನಾವೂ ಕೆಲವು ತಾಸು ಕಾಯ್ತೇವಿ. ಆದ್ರ ಭಾಳ ಹೊತ್ತಾದ್ರ ಕೆಡ್ತಾವ. ಮಧ್ಯಾಹ್ನಕ್ಕ ನಿಮ್ಮ ಯಜಮಾನ್ರು ಇಲ್ಲಿರಬೇಕು."

ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಪುಣೆಯಿಂದ ಬರುವ ಭಾವನಿಗೆ ಕಾಯುತ್ತಿದ್ದ ನನಗೆ ಅಕ್ಕನ ಫೋನ್ ಬಂತು. "ಕೇಳಿದೇನೋ, ಡಾಕ್ಟರೂ ಕೂಡ್ರಸ್ತಾರಂತ! ನಿಮ್ಮ ಭಾವನ್ನ ಸೀದಾ ಕರಕೊಂಡು ಬಾ."

ಭಾವ ಬಸ್ಸಿಳಿದ. ತಲೆತುಂಬ ಸಿಮೆಂಟು. ಎಷ್ಟೋ ತಿಂಗಳಿಗೆ ಬಂದ ಅಳಿಯ. ಮೈಗೆ ನೀರು, ತವರಿನ ಹೊಸ ಅಂಗಿ ಇಲ್ಲದೆ ಇಂಥ ಶುಭಕೆಲಸಕ್ಕೆ ಕಳಿಸುವುದೇ? ನಮ್ಮ ಮನೆಗೆ ಎಳೆದೊಯ್ದೆ.

"ಆಕಿ ಕಾಯ್ತಿರ್ತಾಳೋ," ಅಂದ ಭಾವ.

"ಕೂಡ್ರಸ್ತಾರಂತ ಭಾವಾ, ಟೈಮ್ ಅದ. ಎರಡು ಹೋಳಿಗಿ ತಿನ್ರಿ."

ಆಮೇಲೆ ಬಂದ ಬಸ್ಸುಗಳೆಲ್ಲ ದುಡಿಯಲು ಹೊರಟವರಿಂದ ತುಂಬಿದ್ದವು. ಹೊಸ ಅಂಗಿಯ ಭಾವ ಮದುಮಗನಂತೆ ಬೀದರ ಮುಟ್ಟಿದಾಗ ಹೊತ್ತು ಮುಳುಗಿತ್ತು. ಡಾಕ್ಟರ್ ಅಂಗಿ ನೋಡಲಿಲ್ಲ, ಗಡಿಯಾರ ನೋಡಿದರು. ಆದರೂ ಸೇರಿಸಿದರು. ಎರಡೂ ಫಲಿಸಲಿಲ್ಲ. ತಡವಾದದ್ದೇ ಕಾರಣ ಎನ್ನಲಾಗದು ಅಂದರು. ನಾಲ್ಕನೇ ಕ್ಲಾಸು ಓದಿದ ನನಗೆ ಆ ಮಾತಿನಲ್ಲಿ ಸಮಾಧಾನ ಹುಡುಕಲು ಬರಲಿಲ್ಲ.

ಎಕಂಬಾದಿಂದ ಬಂದ ಅಕ್ಕನ ನಾದಿನಿ ಕೇಳಿದಳು: "ಅಷ್ಟು ಹೊತ್ತು ಯಾಕ ಆಯ್ತ್ರಿ ವೈನಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅಂದಳು: "ನಾನೇ ಕೂಡ್ರಲಿ ಅಂದಿದ್ದೆ."

ಅಕ್ಕನ ಬಾಯಲ್ಲಿ ಆ ಮಾತನ್ನು ಯಾರು ನಂಬುವುದಿಲ್ಲ? ಎಲ್ಲರೂ ಆಕೆಯನ್ನೇ ಬೈದರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಭಾವ ಮತ್ತೆ ಪುಣೆಗೆ ಹೋದ. ನಾನು ಮೆಹಕರಕ್ಕೆ ಹೋದಾಗ ಅಕ್ಕ ಚಹಾ ಇಳಿಸಿ ಮುಚ್ಚಿಡುತ್ತಾಳೆ. ಇಡೀ ಮನೆಯಲ್ಲಿ ನಾವಿಬ್ಬರೇ.

"ಬಸ್ಸಿಗೆ ತಡಾ ಆಗ್ತದೇನೋ ತಮ್ಮಾ?"

"ಇಲ್ಲಕ್ಕಾ," ಅಂತೇನೆ. "ಕೂಡ್ರಲಿ."