ನಿಧಾನಪ್ಪನ ಎದೆಬಡಿತ

ಫೋನ್ ಎತ್ತುವುದಕ್ಕೂ ಸೋಮಾರಿತನ ಮಾಡಿ ಆಸ್ಪತ್ರೆಯವರಿಗೆ ಅಕ್ಕನ ನಂಬರ್ ಕೊಟ್ಟಿದ್ದೇ ನಿಧಾನಪ್ಪ ಮಾಡಿದ ತಪ್ಪು. ಈ ಹೆಸರು ಇಟ್ಟವರು ಅವನ ಕನ್ನಡಕದಂಗಡಿಯ ಗಿರಾಕಿಗಳು. ಅವನು ಫ್ರೇಮಿಗೆ ಒಂದು ಸ್ಕ್ರೂ ಹಾಕುವಷ್ಟರಲ್ಲಿ ಕಣ್ಣಿನ ನಂಬರೇ ಬದಲಾಗುತ್ತದೆ ಎಂಬುದು ಅವರ ದೂರು. ಆಗಾಗ ತಲೆ ಸುತ್ತುತ್ತದೆಂದು ಡಾಕ್ಟರು ಅವನ ಎದೆಯ ಚರ್ಮದಡಿ ಬೆಂಕಿಕಡ್ಡಿಯಷ್ಟು ಪುಟ್ಟ ಯಂತ್ರ ಇಟ್ಟಿದ್ದರು. ಅದು ಪ್ರತಿ ಬಡಿತವನ್ನೂ ಆಸ್ಪತ್ರೆಗೆ ಕಳಿಸುತ್ತಿತ್ತು. ಅಲ್ಲಿನ ಹೊಸ ಕಂಪ್ಯೂಟರ್, ಹೃದಯ ಯಾವಾಗ ಲಯ ತಪ್ಪುತ್ತದೆಂದು ಮುಂಚೆಯೇ ಹೇಳುತ್ತಿತ್ತು.

ಬೆಳಿಗ್ಗೆ ನರ್ಸ್ ಅಕ್ಕನಿಗೆ ಫೋನ್ ಮಾಡಿದಳು. ಇವತ್ತು ನಿಮ್ಮ ತಮ್ಮನ ಎದೆಬಡಿತ ಏರುಪೇರಾಗುವ ಸಂಭವವಿದೆ, ಗಾಬರಿ ಬೇಡ, ಆರಾಮಾಗಿರಲಿ ಎಂದಳು. ಅಕ್ಕ ಅದರಲ್ಲಿ ಗಾಬರಿಯೊಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಳು.

ಇವತ್ತೇ ಆಗಬೇಕೆ ಇದು? ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದ ಲೈಬ್ರರಿ ಮೇಡಂ ಬೇರೆ ಊರಿಗೆ ವರ್ಗವಾಗಿ ಸಂಜೆ ಹೊರಡುವವರಿದ್ದರು. ನನ್ನನ್ನು ಮದುವೆಯಾಗುತ್ತೀರಾ ಎಂದು ಅವರನ್ನು ಕೇಳಲು ನಿಧಾನಪ್ಪ ವರ್ಷಗಳಿಂದ ಮನಸ್ಸಿನಲ್ಲೇ ತಾಲೀಮು ಮಾಡುತ್ತಿದ್ದ. ಇವತ್ತು ಬಾಯಿ ಬಿಡದಿದ್ದರೆ ಮುಗಿಯಿತು.

ಚಪ್ಪಲಿ ಹುಡುಕಿದ, ಅಕ್ಕ ಬಚ್ಚಿಟ್ಟಿದ್ದಳು. ಕಸ ಚೆಲ್ಲಿ ಬರುತ್ತೇನೆಂದ. ಅಕ್ಕನಿಂದ ಸುದ್ದಿ ತಿಳಿದಿದ್ದ ಕಟ್ಟಡದ ಸಂಘದ ಸೆಕ್ರೆಟರಿ ಬುಟ್ಟಿ ಕಿತ್ತುಕೊಂಡು ತಾವೇ ಹೋದರು. ಬರಿಗಾಲಲ್ಲೇ ಮೆಟ್ಟಿಲ ಹತ್ತಿರ ಬಂದರೆ, ಅಲ್ಲೂ ಸೆಕ್ರೆಟರಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೆಟ್ಟಿಲು ಹತ್ತುವುದು ಎದೆಗೆ ಒಳ್ಳೆಯದಲ್ಲ ಎಂದು ಹಿಂದಕ್ಕೆ ಕಳಿಸಿದರು. ಬಾಲ್ಕನಿಯಿಂದ ಕೂಗೋಣವೆಂದು ಬಾಯಿ ತೆರೆದ; ಅಕ್ಕ ಥರ್ಮಾಮೀಟರ್ ತುರುಕಿದಳು. ಜ್ವರಕ್ಕೂ ಎದೆಬಡಿತಕ್ಕೂ ಏನು ಸಂಬಂಧವೋ, ಅವಳನ್ನು ಕೇಳುವವರು ಯಾರು?

ಸಂಜೆಯಾಗುತ್ತಿದ್ದಂತೆ ಅಕ್ಕನ ಧೈರ್ಯ ಉಡುಗಿತು. ಆಸ್ಪತ್ರೆ ಪಕ್ಕದ ಬೀದಿಯಲ್ಲೇ ಇತ್ತು. ಆದರೂ ನಡೆಸುವುದು ಬೇಡವೆಂದು ಸೆಕ್ರೆಟರಿ ಮೂವರು ನೆರೆಯವರನ್ನು ಕೂಡಿಸಿಕೊಂಡು, ನಿಧಾನಪ್ಪನನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಗೇಟಿನ ಬಳಿ ಬಂದರೆ, ಲೈಬ್ರರಿ ಮೇಡಂ ಸೂಟ್‌ಕೇಸ್ ಹಿಡಿದು ಟ್ಯಾಕ್ಸಿ ಹತ್ತುತ್ತಿದ್ದರು.

"ಮೇಡಂ," ಎಂದ ನಿಧಾನಪ್ಪ ಕುರ್ಚಿಯ ಮೇಲಿಂದಲೇ, ಒಂದಿಷ್ಟೂ ತೊದಲದೆ, "ನನ್ನನ್ನ ಮದುವೆ ಆಗ್ತೀರಾ?"

ಹೊತ್ತವರು ಕುರ್ಚಿ ಕೈಬಿಡುವುದರಲ್ಲಿದ್ದರು. ಮೇಡಂ ಸೂಟ್‌ಕೇಸ್ ಕೆಳಗಿಟ್ಟರು. ಮುಖ ಅರಳಿತು. "ಇದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?" ಎಂದರು. ನಿಧಾನಪ್ಪನಿಗೆ ಹಿಗ್ಗೋ ಹಿಗ್ಗು. ಅಕ್ಕನಂತೂ ಅಳುತ್ತಲೇ ನಗುತ್ತಿದ್ದಳು.

ಆಗಲೇ ಅವಳ ಫೋನ್ ಬಡಿದುಕೊಂಡಿತು. ನರ್ಸು. ಎಲ್ಲರಿಗೂ ಕೇಳಲೆಂದು ಅಕ್ಕ ಸ್ಪೀಕರ್ ಹಾಕಿದಳು.

"ಅಮ್ಮಾ, ಸಂತೋಷದ ಸುದ್ದಿ. ನಮ್ಮ ಕಂಪ್ಯೂಟರ್ ಲೆಕ್ಕ ತಪ್ಪಿತು. ಈಗಷ್ಟೇ ನೋಡ್ದೆ, ನಿಮ್ಮ ತಮ್ಮನ ಎದೆಬಡಿತ ಒಂದು ಚೂರೂ ಏರುಪೇರಾಗಿಲ್ಲ. ನಿದ್ದೆ ಮಾಡ್ತಿದಾರೇನೋ ಅನ್ನೋ ಹಾಗಿದೆ."

ಮೇಡಂ ಮುಖದ ನಗು ಇಳಿಯಿತು. "ಬಸ್ ತಪ್ಪಿದ್ರೂ ನನ್ನೆದೆ ಡವಡವ ಅನ್ನುತ್ತೆ. ನನ್ನನ್ನ ಕೇಳುವಾಗ ನಿಮಗೆ ಅಷ್ಟೂ ಆಗಲಿಲ್ವಾ?" ಎಂದವರೇ ಸೂಟ್‌ಕೇಸ್ ಎತ್ತಿಕೊಂಡು ಟ್ಯಾಕ್ಸಿಯಲ್ಲಿ ಕೂತರು.

ನಿಧಾನಪ್ಪ ವಿವರಿಸಲು ಹೊರಟ. ಇಷ್ಟು ವರ್ಷ ಒಳಗೊಳಗೇ ಕೇಳಿ ಕೇಳಿ ಎದೆಗೆ ರೂಢಿಯಾಗಿಬಿಟ್ಟಿದೆ ಎಂಬ ಮಾತು ಪೂರ್ತಿ ಹೊರಬರುವಷ್ಟರಲ್ಲಿ ಟ್ಯಾಕ್ಸಿ ತಿರುವು ದಾಟಿತ್ತು.

ಅಕ್ಕ ಫೋನ್ ಇನ್ನೂ ಇಟ್ಟಿರಲಿಲ್ಲ. "ಅಮ್ಮಾ, ತಡೀರಿ," ಎಂದಳು ನರ್ಸ್, ಪರೀಕ್ಷೆ ಪಾಸಾದವಳ ಖುಷಿಯಲ್ಲಿ. "ಈಗ ಶುರುವಾಯ್ತು ನೋಡಿ. ನಮ್ಮ ಲೆಕ್ಕ ಸರಿಯಾಗೇ ಇತ್ತು. ಬೇಗ ಕರ್ಕೊಂಡು ಬನ್ನಿ."

ನಾಲ್ವರೂ ಕುರ್ಚಿಯನ್ನು ಬಿಗಿಯಾಗಿ ಹಿಡಿದರು. ಆ ಕಡೆ, ಆ ಕಡೆ ಎಂದು ನಿಧಾನಪ್ಪ ಟ್ಯಾಕ್ಸಿ ಹೋದ ದಾರಿ ತೋರಿಸುತ್ತಲೇ ಇದ್ದ. ಅವರು ಅವನನ್ನು ಈ ಕಡೆ, ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು.