ಗೇಜಿನ ಅಂಬ್ರಪ್ಪನ ಗಾಳಿ ಮೀಟರು

ಸಗರದ ಕಾಲುವೆ ಸೇತುವೆಯ ಏರಿನಲ್ಲಿ ತನ್ನ ಹಳೆಯ ಬಿಳಿ ಕಾರು ಕೆಮ್ಮಿದಾಗ ಅಂಬ್ರಪ್ಪನಿಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು. ಯಾವ ವಸ್ತು ಕೆಟ್ಟರೂ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಬಿಚ್ಚಿ ನೋಡುವ ಚಪಲ ಅವನಿಗೆ ಚಿಕ್ಕಂದಿನಿಂದ ಇತ್ತು. ಮನೆಯ ರೇಡಿಯೋ, ಹೊಲಿಗೆ ಯಂತ್ರ, ಹೆಂಡತಿ ತವರಿನಿಂದ ತಂದಿದ್ದ ಮಿಕ್ಸರು, ಎಲ್ಲವೂ ಈ ಚಪಲಕ್ಕೆ ಬಲಿಯಾಗಿ ಅಟ್ಟ ಸೇರಿದ್ದವು. ಆದರೆ ಇವತ್ತು ಬಿಚ್ಚಿ ನೋಡುತ್ತ ಕೂಡುವ ದಿನವಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿ ಭೀಮಮ್ಮ ಹೊಸ ಇಳಕಲ್ ಸೀರೆಯುಟ್ಟು, ತೊಡೆಯ ಮೇಲೆ ಆಯೇರದ ಗಂಟು ಇಟ್ಟುಕೊಂಡು ಕೂತಿದ್ದಳು.

ಸುರಪುರದಲ್ಲಿ ಅವಳ ತಮ್ಮ ಹಂಪಣ್ಣನ ಹೊಸ ಮನೆಯ ಪ್ರವೇಶ. ಆ ಮನೆತನದ ಪದ್ಧತಿಯೇ ಹಾಗೆ. ಅಕ್ಕತಂಗಿಯರು ತರುವ ಸೀರೆ, ಧೋತರ, ಕುಪ್ಪಸದ ಆಯೇರ ಮೊದಲ ಪಂಕ್ತಿ ಊಟಕ್ಕೆ ಕೂಡುವ ಮುಂಚೆ ಮುಟ್ಟಬೇಕು. ಆಗ ಹಿರಿಯರೊಬ್ಬರು ತಂದವರ ಹೆಸರನ್ನು ಇಡೀ ಚಪ್ಪರಕ್ಕೆ ಕೇಳುವಂತೆ ಕೂಗುತ್ತಾರೆ. ಪಂಕ್ತಿ ಕೂತ ಮೇಲೆ ಬಂದರೆ ಆಯೇರವನ್ನು ಇಸಿದುಕೊಳ್ಳುತ್ತಾರೆ, ಕೂಗುವುದಿಲ್ಲ. ಹಿಂದಿನ ಸಲ ಹಂಪಣ್ಣನ ಮಗನ ಹೆಸರಿಡುವ ದಿನ ಬಸ್ಸು ಕೈಕೊಟ್ಟು, ಭೀಮಮ್ಮನ ಸೀರೆಯನ್ನು ಪಾತ್ರೆ ತಿಕ್ಕುವ ಜಾಗದಲ್ಲಿ ಯಾರೋ ಒದ್ದೆಗೈಯಲ್ಲೇ ತೆಗೆದುಕೊಂಡಿದ್ದರು. ಯಾದಗಿರಿಯ ಅಕ್ಕ ರೇಣಮ್ಮನ ಹೆಸರು ಮಾತ್ರ ಎರಡು ಸಲ ಕೂಗಿಸಿಕೊಂಡಿತ್ತು. ಆ ಅವಮಾನ ಭೀಮಮ್ಮನಿಗೆ ಇನ್ನೂ ಆರಿರಲಿಲ್ಲ.

ಕಾರು ಕೆಮ್ಮಿ ಕೆಮ್ಮಿ ಸೇತುವೆಯ ನೆತ್ತಿಯಲ್ಲಿ ನಿಂತೇಬಿಟ್ಟಾಗ ಅವಳು ಕೆಳಗಿಳಿಯಲಿಲ್ಲ. ಕಿಟಕಿಯಿಂದ ಕಾಲುವೆ ನೀರನ್ನು ನೋಡುತ್ತಲೇ ಹೇಳಿದಳು.

"ಈ ಸಲ ಪಂಕ್ತಿ ಕುಂತ ಮ್ಯಾಲ ಮುಟ್ಟಿದ್ರ ನಾ ತಮ್ಮನ ಮನ್ಯಾಗ ಉಳೀತೀನಿ. ನೀವು ನಿಮ್ಮ ಗಾಡಿ ಜೋಡಿ ಸಂಸಾರ ಮಾಡ್ರಿ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಭೀಮಮ್ಮ ಆಡಿದ್ದನ್ನು ಮಾಡದೆ ಬಿಟ್ಟ ಉದಾಹರಣೆ ಇರಲಿಲ್ಲ. 

ಸ್ವಲ್ಪ ಹೊತ್ತಿನಲ್ಲೇ ಊರೇ ಸೇತುವೆಗೆ ಬಂತು. ಕುರಿ ಹೊಡೆದುಕೊಂಡು ಹೊರಟಿದ್ದ ದ್ಯಾವಪ್ಪ ಬಾನೆಟ್ಟಿಗೆ ಕಿವಿಯಿಟ್ಟು ಕೇಳಿ, ಇದು ಗಂಟಲ ಬ್ಯಾನಿ, ಕುರಿಗಾದರೆ ಬಿದಿರು ಗೊಟ್ಟದಲ್ಲಿ ಎಣ್ಣೆ ಕುಡಿಸುತ್ತಿದ್ದೆ ಎಂದ. ಇನ್ನೊಬ್ಬ ಪೆಟ್ರೋಲಿನಲ್ಲಿ ನೀರು ಬೆರೆತಿದೆ ಎಂದ. ಮೂರನೆಯವನು ಹೊರಡುವಾಗ ಎದುರಿಗೆ ಯಾರು ಬಂದರು ಎಂದು ವಿಚಾರಿಸಿದ. ಎದುರಿಗೆ ಬಂದವನು ತಾನೇ ಎಂದು ಗೊತ್ತಾದ ಮೇಲೆ ಗುಂಪಿನ ಹಿಂದಕ್ಕೆ ಸರಿದ. ಕಡೆಗೆ ಭತ್ತ ಒಯ್ಯುತ್ತಿದ್ದ ಟ್ರ್ಯಾಕ್ಟರಿಗೆ ಹಗ್ಗ ಬಿಗಿದು, ಭೀಮಮ್ಮನ ಸಮೇತ ಕಾರನ್ನು ಶಹಾಪುರಕ್ಕೆ ಎಳೆಸಿದ್ದಾಯಿತು. ದಾರಿಯುದ್ದಕ್ಕೂ ಕಂಡವರೆಲ್ಲ ಟ್ರ್ಯಾಕ್ಟರನ್ನು ಬಿಟ್ಟು ಹಿಂದಿನ ಸೀಟನ್ನೇ ನೋಡಿದರು.

ಶಹಾಪುರದ ದಸ್ತಗೀರಸಾಬ ಹಳೆಯ ಜೀಪು, ಟ್ರ್ಯಾಕ್ಟರುಗಳ ಕೈಗುಣದ ಮೇಸ್ತ್ರಿ. ಈಚೆಗೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅವನಿಗೆ ಕಂಪ್ಯೂಟರ್ ಗಾಡಿಗಳ ಹುಚ್ಚು ಹಿಡಿದಿತ್ತು. ಅಂಥ ಕಾಯಿಲೆಯ ಒಂದು ಗಾಡಿಯಾದರೂ ತನ್ನ ಬಾಗಿಲಿಗೆ ಬರಲಿ ಎಂದು ಕಾಯುತ್ತಿದ್ದ. ಅಂಬ್ರಪ್ಪ ಕೆಮ್ಮಿನ ವರ್ಣನೆ ಮುಗಿಸುವ ಮೊದಲೇ ಅವನು ಎರಡು ಸಾಮಾನುಗಳನ್ನು ಬೊಟ್ಟು ಮಾಡಿ ತೋರಿಸಿದ. ಒಂದು, ಗಾಳಿ ಒಳಗೆ ಹೋಗುವ ಕೊಳವೆಯಲ್ಲಿ ಕೂತ ಗಾಳಿ ಮೀಟರು. ಇನ್ನೊಂದು, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಊಟದ ಡಬ್ಬಿಯ ಹಾಗೆ ಕಾಣುವ ಕಂಪ್ಯೂಟರು. ಇವೆರಡರಲ್ಲಿ ಒಂದು ಹೋಗಿದೆ ಎಂದು ತೀರ್ಪು ಕೊಟ್ಟ. ಅಂಬ್ರಪ್ಪ ಯಾಕೆ, ಹೇಗೆ, ಏನು ಎಂದು ಬೆನ್ನು ಹತ್ತಿದ.

"ನಿಮಗ ತಿಳಿಯೂವಂಗ ಹೇಳ್ತೀನಿ," ಎಂದ ದಸ್ತಗೀರಸಾಬ. "ಈ ಮೀಟರ್ ಅಂದ್ರ ನೀವು. ಆ ಡಬ್ಬಿ ಅಂದ್ರ ನಿಮ್ಮ ಆಫೀಸು. ಗಾಳಿ ಎಷ್ಟು ಬರಾಕತ್ತದ ಅಂತ ನೀವು ಹೇಳ್ತೀರಿ. ಅದಕ್ಕ ತಕ್ಕಂಗ ಆಫೀಸು ಪೆಟ್ರೋಲ್ ಬಿಡ್ತದ."

ಈ ಮಾತು ಅಂಬ್ರಪ್ಪನಿಗೆ ಎದೆಗೆ ನಾಟಿದಂತೆ ತಿಳಿಯಿತು. ಯಾಕೆಂದರೆ ಅವನು ಕಾಲುವೆಯ ಗೇಜ್ ಓದುವವನು. ಸಗರದ ಹತ್ತಿರ ಕಾಲುವೆಯಲ್ಲಿ ನಿಲ್ಲಿಸಿದ ಅಳತೆಪಟ್ಟಿಯನ್ನು ನೋಡಿ, ನೀರು ಎಷ್ಟು ಏರಿದೆ ಎಂದು ಮೇಲಿನವರಿಗೆ ಫೋನು ಮಾಡುವುದು ಅವನ ಕೆಲಸ. ಮೊದಲ ವರ್ಷ ದಿನಾಲೂ ನಡೆದು ಹೋಗಿ ನೋಡಿದ. ಆಮೇಲೆ ಅನುಭವ ಬಂತು. ಸಂಜೆ ಕಟ್ಟೆಯ ಮೇಲೆ ಕೂತು, ಕಾಲುವೆ ದಾಟಿ ಮನೆಗೆ ಮರಳುವ ಎಮ್ಮೆಗಳನ್ನು ನೋಡಿದರೆ ಸಾಕು. ಮೊಣಕಾಲು ತೊಯ್ದಿದ್ದರೆ ಒಂದು ಅಂಕಿ, ಹೊಟ್ಟೆ ತೊಯ್ದಿದ್ದರೆ ಇನ್ನೊಂದು. ಎಮ್ಮೆ ಬಾರದ ದಿನ ನಿನ್ನೆಯ ಅಂಕಿಯೇ ಇವತ್ತಿನದು. ಕೆಳಗಿನ ಊರಿನ ರೈತರು ನೀರು ಬರಲಿಲ್ಲ ಎಂದು ಕೂಗಾಡಿದಾಗಲೂ ಅಂಬ್ರಪ್ಪನ ಅಂಕಿಯ ತಂಟೆಗೆ ಯಾರೂ ಹೋಗಿರಲಿಲ್ಲ.

"ಹಂಗಿದ್ರ ಮೀಟರ್ ಸುಳ್ಳ ಹೇಳಾಕತ್ತದ," ಎಂದ ಅವನು ಖಚಿತವಾಗಿ. "ಬ್ಯಾರೆ ಏನೂ ನೋಡಬ್ಯಾಡ್ರಿ. ನಾನೂ ಅದ ಕೆಲಸದಾಂವ."

ದಸ್ತಗೀರಸಾಬ ಪದ್ಧತಿಯಂತೆ ಮೊದಲು ಗಾಳಿಯ ಡಬ್ಬಿ ಬಿಚ್ಚಿ ಫಿಲ್ಟರು ನೋಡಬೇಕೆಂದು ಸ್ಕ್ರೂಡ್ರೈವರು ಎತ್ತಿದ್ದ. ಇಷ್ಟು ಬಲ್ಲವನು ಎದುರಿಗೆ ನಿಂತು ಹೇಳುವಾಗ ಅದನ್ನು ಕೆಳಗಿಟ್ಟ. ಆದರೆ ಹೊಸ ಮೀಟರು ಕಲಬುರಗಿಯಿಂದ ಬರಬೇಕು, ಬರುವುದು ನಾಳೆ. ಇವತ್ತೇ ಗೊತ್ತಾಗಬೇಕಾದರೆ ಇದೇ ಮಾದರಿಯ ಇನ್ನೊಂದು ಗಾಡಿ ಬೇಕು. ಅದರ ಸಾಮಾನು ಇದಕ್ಕೆ, ಇದರದ್ದು ಅದಕ್ಕೆ ಹಾಕಿ ನೋಡಿದರೆ ಕಳ್ಳ ಯಾರೆಂದು ತಿಳಿಯುತ್ತದೆ ಎಂದ.

ಅಂಥ ಗಾಡಿ ಈ ಸೀಮೆಯಲ್ಲಿ ಒಂದೇ ಇತ್ತು. ಅದು ರೇಣಮ್ಮನ ಗಂಡ ಮಲ್ಕಪ್ಪನದು. ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಮಲ್ಕಪ್ಪ, ಷಡ್ಡಕ ಅಂಬ್ರಪ್ಪ ಕಾರು ಕೊಂಡ ಸುದ್ದಿ ಕೇಳಿ ಮರುತಿಂಗಳೇ ಅದೇ ಮಾದರಿಯ, ಅದೇ ಬಣ್ಣದ ಹಳೆಯ ಕಾರನ್ನು ಹುಡುಕಿ ತಂದಿದ್ದ. ಅವತ್ತಿನಿಂದ ಇಬ್ಬರಲ್ಲಿ ಯಾರ ಗಾಡಿ ಚೆನ್ನಾಗಿ ಓಡುತ್ತದೆ ಎಂಬುದು ಮದುವೆ ಮುಂಜಿಗಳಲ್ಲಿ ಚರ್ಚೆಯ ವಿಷಯವಾಗಿತ್ತು. ಇವತ್ತು ಅವರೂ ಹಂಪಣ್ಣನ ಮನೆಗೇ ಹೊರಟವರು, ಯಾದಗಿರಿಯಿಂದ ಸುರಪುರಕ್ಕೆ ಹೋಗುವವರು ಶಹಾಪುರ ದಾಟಿಯೇ ಹೋಗಬೇಕು. ಅಂಬ್ರಪ್ಪ ಮೀಸೆಯನ್ನು ಮಣ್ಣು ಮಾಡಿಕೊಂಡು ರಸ್ತೆಗೆ ಅಡ್ಡ ನಿಂತು ಕೈ ಮಾಡಿದ.

ಮಲ್ಕಪ್ಪ ಕಾರು ನಿಲ್ಲಿಸಿ, ಇಳಿದು, ಅಂಬ್ರಪ್ಪನ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮುಖದಲ್ಲಿ ದುಃಖವನ್ನು ತಂದುಕೊಳ್ಳಲು ಬಹಳ ಕಷ್ಟಪಟ್ಟ. ಸಾಮಾನು ಕೊಡಲು ಮೊದಲು ಒಪ್ಪಲಿಲ್ಲ. ಆದರೆ ರೇಣಮ್ಮ, ತಂಗಿ ಬಿಸಿಲಲ್ಲಿ ಒಣಗುತ್ತಿದ್ದಾಳೆ ಎಂದು ಮುಖ ಗಂಟಿಕ್ಕಿದಾಗ ಸೋತ. ಅಲ್ಲದೆ ಅವನಿಗೂ ಒಳಗೊಳಗೇ ಕುತೂಹಲ. ತನ್ನ ಗಾಡಿಯ ಮಿದುಳು ಎಂಥದು ಎಂದು ಅವನೂ ನೋಡಿರಲಿಲ್ಲ.

ಎರಡು ಕಾರುಗಳನ್ನು ಜಗಳದ ಟಗರುಗಳಂತೆ ಮೂತಿಗೆ ಮೂತಿ ತಾಗಿಸಿ ನಿಲ್ಲಿಸಿ, ಬಾನೆಟ್ಟು ಎತ್ತಿದರು. ಚಹಾ ಅಂಗಡಿ ಖಾಲಿಯಾಗಿ ಜನವೆಲ್ಲ ಇತ್ತ ಬಂತು. ದಸ್ತಗೀರಸಾಬ ಮೊದಲು ಗಾಳಿ ಮೀಟರು ಅದಲುಬದಲು ಮಾಡಿದ. ಅಂಬ್ರಪ್ಪನ ಕಾರು ಮಲ್ಕಪ್ಪನ ಮೀಟರು ಹಾಕಿಕೊಂಡೂ ಕೆಮ್ಮಿತು. ಮಲ್ಕಪ್ಪನ ಕಾರು ಅಂಬ್ರಪ್ಪನ ಮೀಟರಿನಲ್ಲಿ ಹಾಡುತ್ತ ಓಡಿತು. ಜನ ಚಪ್ಪಾಳೆ ತಟ್ಟಿದರು, ಯಾರಿಗೆ ಎಂದು ಗೊತ್ತಾಗಲಿಲ್ಲ.

ಮೀಟರು ನಿರಪರಾಧಿ ಎಂಬುದು ಅಂಬ್ರಪ್ಪನಿಗೆ ನಂಬುವುದಕ್ಕೇ ಆಗಲಿಲ್ಲ. ಆದರೂ ಅವನ ಕಣ್ಣು ಹೊಳೆಯಿತು. ಹಾಗಾದರೆ ಆಫೀಸಿನದೇ ತಪ್ಪು, ಕೆಳಗಿನವರ ಮಾತನ್ನು ಆಫೀಸು ಕೇಳದಿರುವುದೇನು ಹೊಸದೇ ಎಂದ. ಬೇರೆ ಗಾಡಿಯ ಕೀಲಿ ಎಂದು ಗುರುತು ಹಿಡಿದು ಹಟ ಮಾಡುವ ಜಾಣತನ ಇನ್ನೂ ಬಂದಿರದ ಕಾಲದ ಕಾರುಗಳಾದ್ದರಿಂದ ಕಂಪ್ಯೂಟರುಗಳನ್ನೂ ಬಿಚ್ಚಿ ಬದಲಾಯಿಸಿದರು. ಅಂಬ್ರಪ್ಪನ ಕಾರು ಮತ್ತೆ ಕೆಮ್ಮಿತು. ಮಲ್ಕಪ್ಪನದು ಮತ್ತೆ ಹಾಡಿತು, ಮೊದಲಿಗಿಂತ ಇಂಪಾಗಿ ಎಂದು ಜನ ಹೇಳಿದರು.

ದಸ್ತಗೀರಸಾಬ ತಲೆ ಕೆರೆದುಕೊಂಡ. ಅಂಬ್ರಪ್ಪ ಎರಡು ಕಾರುಗಳ ನಡುವೆ ಬಗ್ಗಿ, ಬಿಸಿಲನ್ನೂ ಹೆಂಡತಿಯನ್ನೂ ಮರೆತು, ಇದು ಹೇಗೆ ಸಾಧ್ಯ, ಎರಡೂ ಖರೆ ಹೇಳಿದರೆ ಸುಳ್ಳು ಎಲ್ಲಿಂದ ಬಂತು ಎಂದು ತನ್ನಷ್ಟಕ್ಕೇ ಕೇಳಿಕೊಳ್ಳುತ್ತಿದ್ದ. ಅಷ್ಟರಲ್ಲಿ ಹಂಪಣ್ಣನ ಫೋನು ಬಂತು. ಪೂಜೆ ಮುಗಿದಿದೆ, ಪಂಕ್ತಿಯನ್ನು ನಿಮಗಾಗಿ ತಡೆದಿದ್ದೇನೆ, ಹಿರಿಯರು ಹಸಿದಿದ್ದಾರೆ, ಬೇಗ ಬನ್ನಿ ಎಂದ.

ಸಾಮಾನುಗಳನ್ನು ತಿರುಗಿ ಬದಲಾಯಿಸಲು ಹೊತ್ತಿರಲಿಲ್ಲ. ನಿನ್ನದು ನನ್ನ ಗಾಡಿಯಲ್ಲಿ ಚೆನ್ನಾಗಿಯೇ ಓಡುತ್ತಿದೆ, ನಾಳೆ ನೋಡೋಣ ಎಂದು ಮಲ್ಕಪ್ಪ ಬಾನೆಟ್ಟು ಇಳಿಸಿದ. ಭೀಮಮ್ಮ ಗಂಟು ಎತ್ತಿಕೊಂಡು ಗಂಡನ ಕಡೆ ನೋಡದೆ ಅಕ್ಕನ ಪಕ್ಕದಲ್ಲಿ ಹೋಗಿ ಕೂತಳು. ಮಲ್ಕಪ್ಪನ ಕಾರಿನಲ್ಲಿ ಹೋದರೆ ಕೂಗುವುದು ಮೊದಲು ಅಕ್ಕನ ಹೆಸರೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಎರಡನೆಯದಾಗಿಯಾದರೂ ಕೂಗಲಿ ಎಂಬಷ್ಟಕ್ಕೆ ಇಳಿದಿದ್ದಳು. 

ಕಾರು ಮರೆಯಾದ ಮೇಲೆ ದಸ್ತಗೀರಸಾಬ, ಬಿಚ್ಚದೆ ಉಳಿದದ್ದು ಇನ್ನೊಂದೇ ಎಂಬ ಕಾರಣಕ್ಕೆ, ಗಾಳಿಯ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಫಿಲ್ಟರು ಕಾಣಲಿಲ್ಲ. ಡಬ್ಬಿಯ ತುಂಬ ಭತ್ತದ ತೆನೆ, ಹತ್ತಿಯ ಅರಳೆ, ಕಂಬಳಿಯ ಉಣ್ಣೆ ಸೇರಿಸಿ ಕಟ್ಟಿದ ಬೆಚ್ಚಗಿನ ಗೂಡು, ಕಟ್ಟಿದ ಇಲಿ ಮಾತ್ರ ಒಳಗಿರಲಿಲ್ಲ. ಕಾಲುವೆ ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ಸಗರದ ಇಲಿಗಳು ಒಳ್ಳೆಯ ಸ್ಥಿತಿಗೆ ಬಂದಿದ್ದವು.

"ಗಾಳಿ ಬರವಲ್ದು ಅಂತ ಮೀಟರ್ ಖರೇನ ಹೇಳ್ಯದ," ಎಂದ ದಸ್ತಗೀರಸಾಬ. "ಡಬ್ಬಿ ಅದನ್ನ ಕೇಳಿ ಪೆಟ್ರೋಲ್ ಕಡಿಮಿ ಬಿಟ್ಟದ. ಇಬ್ರೂ ಇಮಾನ್ದಾರ ಮಂದಿ. ನಾವ ನಂಬಲಿಲ್ಲ."

ಗೇಜು ಓದುವವನು ಖರೆಯನ್ನೇ ಹೇಳುತ್ತಿರಬಹುದು ಎಂಬುದು ಬೆಳಗಿನಿಂದ ಅಂಬ್ರಪ್ಪನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಾಚಿಕೆಪಡಲೂ ಹೊತ್ತಿರಲಿಲ್ಲ. ಗೂಡನ್ನು ಕಿತ್ತು ಬಿಸಾಡಿ ಕೀಲಿ ತಿರುವಿದರೆ ಕಾರು ಮೊದಲ ಕೂಗಿಗೇ ಎದ್ದಿತು.

ಸುರಪುರದ ರಸ್ತೆಯಲ್ಲಿ ಅವನು ಹಿಂದೆಂದೂ ಓಡಿಸದ ಹಾಗೆ ಓಡಿಸಿದ. ಎರಡೂ ಕಡೆ ಭತ್ತದ ಹಸಿರು ಹಿಂದಕ್ಕೆ ಸರಿಯಿತು. ಅವನ ಲೆಕ್ಕ ಸರಳವಾಗಿತ್ತು. ಮಲ್ಕಪ್ಪನಿಗಿಂತ ಮುಂಚೆ ಮುಟ್ಟಿ, ಭೀಮಮ್ಮನ ಆಯೇರ ಬರುತ್ತಿದೆ ಎಂದು ಹಿರಿಯರಿಗೆ ಹೇಳಿ, ಅವಳ ಹೆಸರನ್ನೇ ಮೊದಲು ಕೂಗಿಸಬೇಕು. ಅವಳು ಬಂದು ಇಳಿಯುವಾಗ ಇಡೀ ಚಪ್ಪರಕ್ಕೆ ಅವಳ ಹೆಸರು ಕೇಳಬೇಕು.

ಅರ್ಧ ದಾರಿಯಲ್ಲಿ ಬೇವಿನ ಮರದ ನೆರಳಲ್ಲಿ ಮಲ್ಕಪ್ಪನ ಕಾರು ನಿಂತದ್ದು ಹಿಂದಿನಿಂದ ಕಂಡಿತು. ಮಲ್ಕಪ್ಪ ಎಲ್ಲೂ ಕಾಣಲಿಲ್ಲ. ಮೂತ್ರಕ್ಕೆ ಹೋಗಿರಬೇಕು ಎಂದುಕೊಂಡ ಅಂಬ್ರಪ್ಪ. ರಸ್ತೆಯ ಅಂಚಿನಲ್ಲಿ ಭೀಮಮ್ಮ ಆಯೇರದ ಗಂಟನ್ನು ತಲೆಯ ಮೇಲೆತ್ತಿ ಬೀಸುತ್ತಿದ್ದಳು. ತನ್ನ ಕಾರು ಈ ವೇಗದಲ್ಲಿ ಬರುವುದನ್ನು ಕಂಡು ಅವಳ ಮುಖ ಅರಳಿದ್ದನ್ನು ಅವನು ಸ್ಪಷ್ಟವಾಗಿ ನೋಡಿದ.  ಹಾರ್ನ್ ಬಾರಿಸಿ, ಕಿಟಕಿಯಿಂದ ಕೈಯನ್ನು ಉದ್ದಕ್ಕೆ ಚಾಚಿ ಬೀಸಿ, ಹಾಗೇ ಮುಂದೆ ಹೋದ.

ಹೊಸ ಮನೆಯ ಬಾಗಿಲಲ್ಲಿ ಹಂಪಣ್ಣ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಿಂತಿದ್ದ. ಅಂಬ್ರಪ್ಪ ಧೂಳು ಎಬ್ಬಿಸಿ ಕಾರು ನಿಲ್ಲಿಸಿ ರಾಜನ ಹಾಗೆ ಇಳಿದ. ಹಂಪಣ್ಣ ಅವನನ್ನು ನೋಡಿದ, ಹಿಂದಿನ ಸೀಟು ನೋಡಿದ, ತಂಬಿಗೆಯನ್ನು ಕೆಳಗಿಟ್ಟ. ಅಕ್ಕಂದಿರು ಎಲ್ಲಿ ಎಂದು ಕೇಳಿದ. ಹಿಂದೆಯೇ ಬರುತ್ತಿದ್ದಾರೆ, ಮೊದಲು ಭೀಮಮ್ಮನ ಹೆಸರು ಕೂಗಿಸು ಎಂದ ಅಂಬ್ರಪ್ಪ. ಆಯೇರ ಬಾರದೆ ಹೆಸರು ಹೇಗೆ ಕೂಗುವುದು ಎಂದು ಹಿರಿಯರೊಬ್ಬರು ಗೊಣಗಿದರು. ಅವರ ಸಹನೆ ತೀರಿತ್ತು. ಎಲೆ ಹಾಕಿಸಿ ಎಂದು ಒಳಗೆ ಕೂಗಿದರು, ಮೊದಲ ಪಂಕ್ತಿ ಕೂತೇಬಿಟ್ಟಿತು.

ಆಗ ಹಂಪಣ್ಣನ ಜೇಬಿನಲ್ಲಿ ಫೋನು ಬಡಿದುಕೊಂಡಿತು, ದಾರಿಯಿಂದ ಅಕ್ಕಂದಿರದು. ಅವನು ಕೇಳುತ್ತ ಕೇಳುತ್ತ ಒಂದೊಂದೇ ಸುದ್ದಿ ಹೇಳಿದ. ಮಲ್ಕಪ್ಪನ ಕಾರು ಬೇವಿನ ಮರದ ಹತ್ತಿರ ಇದ್ದಕ್ಕಿದ್ದಂತೆ ಸತ್ತಿದೆ. ಮಲ್ಕಪ್ಪ ಆವಾಗಿನಿಂದ ಬಾನೆಟ್ಟು ಎತ್ತಿ ಅದರೊಳಗೆ ಬಗ್ಗಿದ್ದಾನೆ. ಇಲ್ಲಿಯವರೆಗೆ ಒಂದು ಬಸ್ಸೂ ನಿಲ್ಲಿಸಿಲ್ಲ. ಷಡ್ಡಕನ ಕೆಟ್ಟ ಕಂಪ್ಯೂಟರು ಹಾಕಿದ್ದಕ್ಕೇ ತನ್ನ ಗಾಡಿ ಹಾಳಾಯಿತು, ಇದಕ್ಕೆ ಜವಾಬ್ದಾರ ಅವನೇ ಎಂದು ಮಲ್ಕಪ್ಪ ದಾರಿಹೋಕರಿಗೆಲ್ಲ ಹೇಳುತ್ತಿದ್ದಾನೆ. ಈಗ ಬಾನೆಟ್ಟಿನೊಳಗಿಂದ ಒಂದು ದಪ್ಪ ಇಲಿ ಜಿಗಿದು ಗದ್ದೆಗೆ ಓಡಿತಂತೆ. ವೈರುಗಳನ್ನೆಲ್ಲ ಕಡಿದಿದೆಯಂತೆ.

ಮೂತಿಗೆ ಮೂತಿ ತಾಗಿ ನಿಂತ ಎರಡು ಕಾರುಗಳಲ್ಲಿ ಇನ್ನೂ ಏನೇನು ಅದಲುಬದಲಾಯಿತು ಎಂಬುದು ಅಂಬ್ರಪ್ಪನಿಗೆ ಆಗ ಹೊಳೆಯಿತು. ಅವನು ಕೀಲಿ ಹಿರಿದು ಕಾರಿನತ್ತ ತಿರುಗಿದ. ಹಂಪಣ್ಣ ಫೋನು ಕಿವಿಯಲ್ಲೇ ಇಟ್ಟುಕೊಂಡು ಅವನ ತೋಳು ಹಿಡಿದ.

"ಭೀಮಮ್ಮಕ್ಕ ಒಂದ ಮಾತು ಕೇಳಾಕತ್ಯಾಳ್ರಿ ಮಾವಾರ," ಎಂದ. "ನಿಲ್ಲಸ್ರಿ ಅಂತ ಅಕಿ ಕೈ ಬೀಸಿದ್ರ, ನೀವು ತಿರುಗಿ ಬೀಸಿದ್ದು ಯಾಕಂತ."